ತಿಳಿನೀರು

ಶಾರ್ಜಾದ ರೋಲ್ಲಾದಲ್ಲಿ, ಬಸ್‌ಸ್ಟ್ಯಾಂಡಿನ ಹಿಂದಿನ ಎರಡನೇ ಗಲ್ಲಿ,
ನಮ್ಮ ಅಂಗಡಿ. ಗೋಡೆಯ ತುಂಬ
ಕತ್ತಿಲ್ಲದ ಗಂಡಸರು, ಭುಜ ಮುಗಿದಲ್ಲೇ ಕಿವಿ.
ಅವರ ಕಾಲಬುಡದಲ್ಲಿ ಕಪ್ಪು ಮುಚ್ಚಳದ ಡಬ್ಬಗಳು,
ಡಬ್ಬಗಳ ನಡುವೆ ನಾನು, ಉಪ್ಪಿನಂಗಡಿಯ ಶಂಸು,
ಅಂಗಿಯ ಮೂರನೇ ಗುಂಡಿ ಹೊಟ್ಟೆಯೊಡನೆ ಜಗಳವಾಡುತ್ತ.

ಕೇಳುತ್ತಾರೆ ಎಲ್ಲರೂ, ಎಲ್ಲ ಭಾಷೆಯಲ್ಲೂ:
ಇದರಿಂದ ಏನಾದರೂ ಆಗುತ್ತದೆಯೇ?
ಆಗುತ್ತದೆ, ಅನ್ನುತ್ತೇನೆ.
ಕಮಿಷನ್ ನೂರಕ್ಕೆ ಮೂರು.

ಒಳಗಿನ ಮಾತು ಬೇರೆ.
ಹಾಲು ಒಡೆದಾಗ ಉಳಿಯುವ ತಿಳಿನೀರು, ಒಣಗಿಸಿದ್ದು, ಈ ಪುಡಿ.
ಉಮ್ಮ ಅದನ್ನು ಬಸಿದು ಕರುವಿನ ಬಾನಿಗೆ ಸುರಿಯುತ್ತಿದ್ದಳು;
ಆ ಕರು ಯಾವತ್ತೂ ಕನ್ನಡಿ ನೋಡಿಕೊಂಡದ್ದಿಲ್ಲ.
ಈಗ ಅದಕ್ಕೆ ಚಾಕಲೇಟಿನ ವಾಸನೆ, ಇನ್ನೂರ ಎಂಬತ್ತು ದಿರ್ಹಂ.
ಕ್ರಿಯೇಟಿನ್ ಪರವಾಗಿಲ್ಲ, ಸುಳ್ಳು ಕಡಿಮೆ.
ಕಸರತ್ತಿಗೆ ಮೊದಲು ಕುಡಿಯುವ ಕೆಂಪು ಪುಡಿಯನ್ನು
ನಾನೂ ಒಮ್ಮೆ ಕುಡಿದೆ: ಮುಖದ ತುಂಬ ಇರುವೆ ಹರಿದವು,
ಬೆಳಗಿನ ಮೂರರವರೆಗೆ ಫ್ಯಾನಿನ ಸುತ್ತು ಎಣಿಸಿದೆ.
ಕೊಬ್ಬು ಕರಗಿಸುವ ಮಾತ್ರೆಗೆ
ಕರಗುವುದು ಪರ್ಸು.

ಯಮನೂರಪ್ಪ ಬಂದದ್ದು ಒಂದು ಭಾನುವಾರ, ಸಜ್ಜಾ ಕ್ಯಾಂಪಿನಿಂದ,
ಕಿವಿಯ ಮಡಿಕೆಯಲ್ಲಿ ಇನ್ನೂ ಸಿಮೆಂಟು.
ಹುರಿಗಟ್ಟಿದ ಹಗ್ಗದಂಥ ತೋಳು,
ಕಬ್ಬಿಣದ ಪೈಪನ್ನು ಹದಿನಾಲ್ಕನೇ ಮಹಡಿಗೆ ದಾಟಿಸುವ ತೋಳು.
ಗೋಡೆಯ ಚಿತ್ರಗಳನ್ನು ತಲೆಯೆತ್ತಿ ನೋಡಿ ಕೇಳಿದ:
"ಅಣ್ಣಾರ, ಇದನ್ನ ಕುಡದ್ರ ಮೈ ಬರ್ತೈತೇನ್ರೀ?"

ಸಾಹುಕಾರ ನಮಾಜಿಗೆ ಹೋಗಿದ್ದ ಹೊತ್ತು.
ಬೇಡ ಮಾರಾಯ, ಎಂದೆ. ಮೊಟ್ಟೆ ತಿನ್ನು,
ಕಡಲೆ ನೆನೆಹಾಕು, ಒಂದು ತಾಸು ಹೆಚ್ಚು ಮಲಗು.
ನಿದ್ದೆಯ ಮಾತಿಗೆ ನಕ್ಕ.
ನಾಲ್ಕು ಗಂಟೆಗೆ ಬಸ್ಸು ಹತ್ತುವವನಿಗೆ ನಿದ್ದೆ
ನನ್ನ ಯಾವ ಡಬ್ಬಕ್ಕಿಂತಲೂ ತುಟ್ಟಿ.

"ಚಂದಕ್ಕಲ್ರೀ. ಮಾಲಿನ್ಯಾಗ ಸೆಕ್ಯೂರಿಟಿ ಕೆಲಸ ಐತಿ.
ಅರವತ್ತ ಕಿಲೋ ಇರಬೇಕಂತ. ನಾ ಐವತ್ತಮೂರು.
ಇಪ್ಪತ್ತ ದಿನಾ ಅದಾವ."

ಏಳು ಕಿಲೋ.
ಬಿಸಿಲಿಗೂ ನೆರಳಿಗೂ ನಡುವೆ
ಏಳು ಕಿಲೋ.

ಅಗ್ಗದ ಡಬ್ಬ ಒಯ್ದ, ಅರ್ಧ ಸಾಲ.
ನಾನು ಕಮಿಷನ್ ಬಿಟ್ಟೆ. ಬಿಟ್ಟೆನೆಂದರೆ ಸುಳ್ಳು,
ಅರ್ಧ ಬಿಟ್ಟೆ.

ಹತ್ತೊಂಬತ್ತನೇ ದಿನ ಮತ್ತೆ ಬಂದ, ಸಾಲ ತೀರಿಸಲು.
ಪುಡಿ ಆರು ದಿನಕ್ಕೇ ಖಾಲಿಯಂತೆ.
"ರೂಮಿನ್ಯಾಗ ಎಂಟ ಮಂದಿ. ಮೂಲ್ಯಾಗ ಕುಂತು
ಒಬ್ಬನ ಕುಡ್ಯಾಕ ಬರ್ತೈತೇನ್ರೀ?"
ಅಂಗಡಿಯ ತೂಕದ ಯಂತ್ರಕ್ಕೆ ಹತ್ತಿಸಿದೆ,
ಚಪ್ಪಲಿ ಸಮೇತ.
ಐವತ್ತನಾಲ್ಕು.

ಆಗ ನಾನು, ಇದುವರೆಗೆ ಯಾವ ಗಿರಾಕಿಗೂ
ಇಷ್ಟು ಪ್ರಾಮಾಣಿಕವಾಗಿ ಸಲಹೆ ಕೊಡದ ನಾನು,
ಬಿಲ್ಲಿನ ಹಿಂದೆ ಬರೆದುಕೊಟ್ಟೆ:
ನಾಳೆ ಹೋಗುವ ಮೊದಲು ಎರಡು ಲೀಟರ್ ನೀರು.
ಬಾಳೆಹಣ್ಣು ಎಂಟು. ಪ್ಯಾಂಟಿನ ಒಳಗೊಂದು ಪ್ಯಾಂಟು.
ಜೇಬಿಗೊಂದರಂತೆ ಸೈಟಿನ ಕಬ್ಬಿಣದ ಕ್ಲಾಂಪು.
ಸಾಲು ಉದ್ದವಿದ್ದರೆ, ತಡೆದುಕೋ.

ಓದಿದ, ಬೆರಳಿನಲ್ಲಿ ಕೂಡಿಸಿ ನೋಡಿದ.
"ಕ್ಲಾಂಪು ಎಣಿಸಿ ಕೊಡ್ತಾರ್ರೀ ನಮಗ," ಎಂದ,
ಚೀಟಿಯನ್ನು ಮಡಚಿ ಮೊಬೈಲಿನ ಕವರಿಗೆ ಸೇರಿಸಿದ.

ಅವನು ಹೋದಮೇಲೆ ಯಂತ್ರ ಇನ್ನೂ ಮಿನುಗುತ್ತಿತ್ತು.
ನಾನೂ ಹತ್ತಿದೆ. ಎಂಬತ್ತೆಂಟು.
ಬೇಕಾದಷ್ಟು ಇಲ್ಲೇ ಇತ್ತು,
ಕತ್ತರಿಸಿ ಪೊಟ್ಟಣ ಕಟ್ಟಿಕೊಡುವ ಅಂಗಡಿ ಮಾತ್ರ
ರೋಲ್ಲಾದಲ್ಲಿ ಇಲ್ಲ.

ಏನಾಯಿತೋ ಗೊತ್ತಿಲ್ಲ. ನಂಬರು ಬರೆದುಕೊಂಡಿರಲಿಲ್ಲ.
ಈಗ ಯಾವ ಮಾಲಿಗೆ ಹೋದರೂ
ಬಾಗಿಲಲ್ಲಿ ನಿಂತ ನೀಲಿ ಸಮವಸ್ತ್ರದವನ
ಮುಖಕ್ಕಿಂತ ಮೊದಲು ಜೇಬು ನೋಡುತ್ತೇನೆ.